ಲಾಂಚ್ ಓಡಬೇಕು, ಸ್ಕೋರ್ ಬರಬೇಕು: ಸ್ಕ್ರ್ಯಾಚ್ ಹೋಮ್‌ವರ್ಕ್ ಮಾಡುವುದು ಹೀಗೆ

ಸಾಗರದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಸ್ಕೂಲ್ ಬಿಟ್ಟ ಮೇಲೆ ಮಕ್ಕಳು ಕಂಪ್ಯೂಟರ್ ಹೋಮ್‌ವರ್ಕ್ ಹಿಡಿದುಕೊಂಡು ಬರುತ್ತಾರೆ. ಹಿಂದೆ ಅಮ್ಮನೋ ಅಜ್ಜನೋ ಇರುತ್ತಾರೆ. ಆರು, ಏಳನೇ ಕ್ಲಾಸಿನವರು ತರುವ ಕೆಲಸ ಹೆಚ್ಚಾಗಿ ಇಂಥದ್ದು: ನೀವೇ ಬಿಡಿಸಿದ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಸ್ಕ್ರ್ಯಾಚ್‌ನಲ್ಲಿ ಅದು ಓಡಾಡುವ ಹಾಗೆ ಮಾಡಿ, ಮೂರು ಪ್ರಶ್ನೆ ಕೇಳಿ, ಕೊನೆಗೆ ಸ್ಕೋರ್ ತೋರಿಸಿ. ಸ್ಕ್ರ್ಯಾಚ್ ಅಂದರೆ ಬಣ್ಣಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಮಕ್ಕಳು ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್. "ನೀವೇ ಮಾಡಿಕೊಟ್ಟುಬಿಡಿ, ಎಷ್ಟಾಗತ್ತೆ?" ಅಂತ ಕೇಳುವವರೂ ಇದ್ದಾರೆ. ಮಾಡಿಕೊಡುವುದಿಲ್ಲ, ಹೇಳಿಕೊಡುತ್ತೇನೆ. ಮೌಸ್ ಮಗುವಿನ ಕೈಯಲ್ಲೇ ಇರಬೇಕು, ಅದೊಂದೇ ಷರತ್ತು.

ಇಷ್ಟು ಮಕ್ಕಳ ಕೆಲಸ ನೋಡಿದ ಮೇಲೆ ನನಗೆ ಗೊತ್ತಾಗಿದ್ದು ಒಂದು. ಈ ಹೋಮ್‌ವರ್ಕ್ ಪ್ರೋಗ್ರಾಮ್‌ನಲ್ಲಿ ಕೆಡುವುದು ಕಡಿಮೆ, ಫೈಲ್‌ನಲ್ಲಿ ಕೆಡುವುದೇ ಜಾಸ್ತಿ. ಫೋಟೊ ಸರಿಯಾಗಿ ಬಂದಿರುವುದಿಲ್ಲ, ಬೇರೆ ನಮೂನೆಯಲ್ಲಿ ಸೇವ್ ಆಗಿರುತ್ತದೆ, ಟೀಚರಿಗೆ ಕಳಿಸಿದ್ದು ಅವರ ಕಡೆ ತೆರೆಯುವುದೇ ಇಲ್ಲ. ಹಾಗಾಗಿ ಬ್ಲಾಕ್ ಜೋಡಿಸುವುದಕ್ಕಿಂತ ಚಿತ್ರದ ಬಗ್ಗೆ ನಾನು ಇಲ್ಲಿ ಹೆಚ್ಚು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಉದಾಹರಣೆಗೆ ಒಬ್ಬ ಹುಡುಗನ ಚಿತ್ರ ಇಟ್ಟುಕೊಳ್ಳೋಣ. ಅವನು ಬಿಡಿಸಿದ್ದು ಸಿಗಂದೂರಿಗೆ ಹೋಗುವ ಲಾಂಚ್, ಅಂದರೆ ವಾಹನಗಳನ್ನೂ ಹೊತ್ತು ಶರಾವತಿ ಹಿನ್ನೀರು ದಾಟುವ ದೊಡ್ಡ ದೋಣಿ. ಮೇಲೊಂದು ಕೆಂಪು ಬಸ್ಸು, ಎರಡು ಬೈಕು, ಪಕ್ಕದಲ್ಲಿ ದೊಡ್ಡದಾಗಿ "ಸಿಗಂದೂರು" ಅಂತ ಬರಹ. 2025ರಲ್ಲಿ ಹಿನ್ನೀರಿನ ಮೇಲೆ ಸೇತುವೆ ಆಯಿತು, ಆದರೂ ಅವನಿಗೆ ಸೇತುವೆ ಬೇಡ, ಲಾಂಚೇ ಬೇಕು. ಒಳ್ಳೇದೇ ಆಯಿತು. ಸೇತುವೆ ಓಡಾಡುವುದಿಲ್ಲ ಅಲ್ವಾ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಬಿಳಿ ಹಾಳೆಯಲ್ಲಿ ಬಿಡಿಸಲಿ. ಗೆರೆ ಎಳೆದ ನೋಟ್‌ಬುಕ್ ಹಾಳೆ ಬೇಡ, ಆ ನೀಲಿ ಗೆರೆಗಳನ್ನು ತೆಗೆಯುವುದರಲ್ಲೇ ಸಂಜೆ ಕಳೆಯುತ್ತದೆ. ಚಿತ್ರದ ಹೊರ ಅಂಚನ್ನು ಕಪ್ಪು ಸ್ಕೆಚ್ ಪೆನ್ನಿನಲ್ಲಿ ಎಲ್ಲೂ ಬಿಡದೆ ಎಳೆಸಿ. ಗೆರೆ ಒಂದು ಕಡೆಯೂ ತುಂಡಾಗಿರಬಾರದು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಫೋಟೊವನ್ನು ಹಗಲು ಹೊತ್ತಿನಲ್ಲಿ ಕಿಟಕಿ ಹತ್ತಿರ ತೆಗೆಯಿರಿ. ಫ್ಲ್ಯಾಶ್ ಬೇಡ. ಫೋನು ಹಾಳೆಗೆ ನೇರವಾಗಿ ಮೇಲಿರಲಿ, ವಾಲಿಸಿದರೆ ಲಾಂಚ್ ಒಂದು ಕಡೆ ಕುಗ್ಗಿ ಕಾಣುತ್ತದೆ. ನಿಮ್ಮ ತಲೆಯ ನೆರಳು ಹಾಳೆ ಮೇಲೆ ಬೀಳುತ್ತಿದೆಯಾ ನೋಡಿಕೊಳ್ಳಿ. ರಾತ್ರಿ ಎಂಟಕ್ಕೆ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೊಗಳಲ್ಲಿ ಮೂಲೆಗೊಂದು ನೆರಳು ಇದ್ದೇ ಇರುತ್ತದೆ.

ಫೋಟೊವನ್ನು ಕಂಪ್ಯೂಟರಿಗೆ ತರಲು ಯುಎಸ್‌ಬಿ ಕೇಬಲ್ ಇದ್ದರೆ ಅದನ್ನೇ ಬಳಸಿ. ಚುಚ್ಚಿದ ಮೇಲೆ ಫೋನ್ ಪರದೆಯಲ್ಲಿ ಫೈಲ್ ಟ್ರಾನ್ಸ್‌ಫರ್ ಅಂತ ಆರಿಸಬೇಕು, ಇಲ್ಲದಿದ್ದರೆ ಬರೀ ಚಾರ್ಜ್ ಆಗುತ್ತದೆ. ಕೇಬಲ್ ಇಲ್ಲದೆ ವಾಟ್ಸಾಪ್‌ನಲ್ಲೇ ಕಳಿಸುವುದಾದರೆ ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೊ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ, ಗೆರೆಗಳ ಸುತ್ತ ಕೊಳೆ ಕೂತ ಹಾಗೆ ಕಾಣುತ್ತದೆ.

ಬಿಳಿ ಹಾಳೆಯನ್ನು ಮಾಯ ಮಾಡುವುದು

ಚಿತ್ರ ತಿದ್ದಲು ನಾನು ಜಿಂಪ್ ಬಳಸುತ್ತೇನೆ. ಕಾಸು ಕೊಡಬೇಕಾಗಿಲ್ಲ, 1996ರಿಂದ ಇದೆ, ಹಳೇ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಮೊದಲ ಸಲ ತೆರೆದಾಗ ಬಟನ್‌ಗಳ ಜಾತ್ರೆ ನೋಡಿ ಗಾಬರಿ ಆಗುತ್ತದೆ, ನಿಜ. ನಮಗೆ ಬೇಕಾಗಿರುವುದು ಅದರಲ್ಲಿ ನಾಲ್ಕೈದು.

ಫೋಟೊ ತೆರೆದ ತಕ್ಷಣ ಗಮನಿಸಿ, ಬಿಳಿ ಹಾಳೆ ಬಿಳಿಯಾಗಿ ಇರುವುದಿಲ್ಲ, ಬೂದು ಬಣ್ಣಕ್ಕೆ ತಿರುಗಿರುತ್ತದೆ. ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ತೆರೆಯಿರಿ. ಅಲ್ಲಿ ಸಣ್ಣ ಡ್ರಾಪರ್ ಗುರುತು ಮೂರಿವೆ: ಕಪ್ಪಿಗೊಂದು, ಬೂದಿಗೊಂದು, ಬಿಳಿಗೊಂದು. ಬಿಳಿಯದನ್ನು ಒತ್ತಿ, ಚಿತ್ರದಲ್ಲಿ ಖಾಲಿ ಹಾಳೆಯ ಮೇಲೆ ಒಂದು ಕ್ಲಿಕ್ ಮಾಡಿ. "ಇದು ಬಿಳಿ ಅಂತ ತಿಳ್ಕೋ" ಅಂತ ಜಿಂಪ್‌ಗೆ ಹೇಳಿದ ಹಾಗೆ. ಹಾಳೆ ಬೆಳಗುತ್ತದೆ, ಬಸ್ಸಿನ ಕೆಂಪು ಕೂಡ ಕೆಂಪಾಗಿ ಕಾಣುತ್ತದೆ. ಮಕ್ಕಳು ಇಲ್ಲಿ ಒಂದು "ಓ!" ಅನ್ನುತ್ತಾರೆ.

ಈಗ ಲೇಯರ್ ಮೆನು, ಅದರೊಳಗೆ ಟ್ರಾನ್ಸ್‌ಪರೆನ್ಸಿ, ಅದರೊಳಗೆ ಆ್ಯಡ್ ಆಲ್ಫಾ ಚಾನೆಲ್. ಇದನ್ನು ಒತ್ತಿದರೆ ಕಣ್ಣಿಗೆ ಏನೂ ಬದಲಾಗುವುದಿಲ್ಲ, ಅದಕ್ಕೇ ಎಲ್ಲರೂ ಬಿಟ್ಟುಬಿಡುತ್ತಾರೆ. ಇದು ಮಾಡದಿದ್ದರೆ ನೀವು ಎಷ್ಟು ಅಳಿಸಿದರೂ ಜಿಂಪ್ ಅಲ್ಲಿ ಒಂದು ಬಣ್ಣ ತುಂಬುತ್ತದೆ, ಸಾಮಾನ್ಯವಾಗಿ ಬಿಳಿಯನ್ನೇ. ಬಿಳಿ ಅಳಿಸಿ ಬಿಳಿ ತುಂಬಿದರೆ ಏನು ಬಂತು? ಆಲ್ಫಾ ಚಾನೆಲ್ ಅಂದರೆ ಚಿತ್ರದಲ್ಲಿ ಖಾಲಿ ಜಾಗಕ್ಕೆ ಅನುಮತಿ ಕೊಡುವುದು, ಅಷ್ಟೇ.

ಆಮೇಲೆ ಫಜಿ ಸೆಲೆಕ್ಟ್ ಅನ್ನುವ ಟೂಲ್, ಮಂತ್ರದಂಡದ ಗುರುತಿರುತ್ತದೆ. ಹಾಳೆಯ ಮೇಲೆ ಕ್ಲಿಕ್ ಮಾಡಿದರೆ ಅದೇ ಬಣ್ಣದ, ಒಂದಕ್ಕೊಂದು ತಾಗಿಕೊಂಡ ಜಾಗವೆಲ್ಲ ಆಯ್ಕೆ ಆಗುತ್ತದೆ. ಕಪ್ಪು ಅಂಚು ಎಲ್ಲೂ ತುಂಡಾಗದೆ ಇರಲಿ ಅಂದೆನಲ್ಲ, ಅದು ಇದಕ್ಕೇ. ಈ ಹುಡುಗನ ಬಸ್ಸಿನ ಕಿಟಕಿಗಳಿಗೆ ಬಣ್ಣ ಹಚ್ಚಿರಲಿಲ್ಲ, ಬಿಳಿಯಾಗೇ ಇದ್ದವು. ಸುತ್ತ ಗೆರೆ ಗಟ್ಟಿಯಾಗಿದ್ದರಿಂದ ಕಿಟಕಿ ಉಳಿದುಕೊಂಡವು. ಹಿಂದಿನ ಚಕ್ರದ ಹತ್ತಿರ ಮಾತ್ರ ಗೆರೆ ಬಿಟ್ಟುಹೋಗಿತ್ತು, ಆಯ್ಕೆ ಅಲ್ಲಿಂದ ಒಳಗೆ ನುಗ್ಗಿ ಚಕ್ರವನ್ನೂ ತೆಗೆದುಕೊಂಡಿತು. ಕಂಟ್ರೋಲ್ ಝಡ್ ಒತ್ತಿ ಹಿಂದೆ ಹೋದೆವು, ಪೆನ್ಸಿಲ್ ಟೂಲಿನಲ್ಲಿ ಆ ಸಂದು ಮುಚ್ಚಿದ, ಮತ್ತೆ ಕ್ಲಿಕ್ ಮಾಡಿದ, ಸರಿಹೋಯಿತು.

ನೆರಳಿನ ಕಡೆ ಆಯ್ಕೆ ಆಗದೆ ಉಳಿದರೆ ಟೂಲಿನ ಥ್ರೆಶೋಲ್ಡ್ ಸ್ವಲ್ಪ ಏರಿಸಿ, 30ರ ಆಸುಪಾಸು ಸಾಕು. ಜಾಸ್ತಿ ಏರಿಸಿದರೆ ತೆಳು ಹಳದಿ ಬಣ್ಣವನ್ನೂ ಹಾಳೆ ಅಂದುಕೊಂಡು ನುಂಗುತ್ತದೆ. ಡಿಲೀಟ್ ಒತ್ತುವ ಮೊದಲು ಸೆಲೆಕ್ಟ್ ಮೆನುವಿನಲ್ಲಿ ಗ್ರೋ ಅಂತ ಇದೆ, 1 ಅಥವಾ 2 ಪಿಕ್ಸೆಲ್ ಕೊಡಿ. ಇಲ್ಲದಿದ್ದರೆ ಲಾಂಚಿನ ಸುತ್ತ ಸಣ್ಣ ಬಿಳಿ ಅಂಚು ಉಳಿದು, ನೀಲಿ ನೀರಿನ ಮೇಲೆ ಇಟ್ಟಾಗ ಎದ್ದು ಕಾಣುತ್ತದೆ. ಈಗ ಡಿಲೀಟ್. ಹಾಳೆ ಇದ್ದ ಕಡೆ ಬೂದು ಚೌಕಗಳು ಕಂಡರೆ ಕೆಲಸ ಆಯಿತು. ಚೌಕ ಚಿತ್ರದಲ್ಲಿ ಇರುವುದಿಲ್ಲ, ಇಲ್ಲಿ ಖಾಲಿ ಇದೆ ಅಂತ ತೋರಿಸುವ ಗುರುತು ಅದು.

ಸೆಲೆಕ್ಟ್ ಮೆನುವಿನಲ್ಲಿ ನನ್ ಒತ್ತಿ, ಇಮೇಜ್ ಮೆನುವಿನ ಕ್ರಾಪ್ ಟು ಕಂಟೆಂಟ್ ಒತ್ತಿದರೆ ಸುತ್ತಲಿನ ಖಾಲಿ ಜಾಗ ಕತ್ತರಿಸಿಹೋಗುತ್ತದೆ. ಆಮೇಲೆ ಅಳತೆ. 12 ಮೆಗಾಪಿಕ್ಸೆಲ್ ಫೋನಿನ ಫೋಟೊ ಅಂದರೆ 4000 ಅಡ್ಡ, 3000 ಉದ್ದ, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ. ಸ್ಕ್ರ್ಯಾಚ್‌ನಲ್ಲಿ ಚಿತ್ರ ಓಡಾಡುವ ವೇದಿಕೆ ಇರುವುದೇ 480 ಅಡ್ಡ, 360 ಉದ್ದ. ಇಮೇಜ್ ಮೆನುವಿನ ಸ್ಕೇಲ್ ಇಮೇಜ್‌ಗೆ ಹೋಗಿ ಅಡ್ಡ ಅಳತೆಗೆ 480 ಕೊಡಿ. ಪಕ್ಕದಲ್ಲಿರುವ ಸರಪಳಿ ಗುರುತು ಬಿಡಿಸಿಕೊಂಡಿರಬಾರದು. ಅದು ಕೂಡಿಕೊಂಡಿದ್ದರೆ ಉದ್ದ ತಾನೇ ಸರಿಯಾಗುತ್ತದೆ, ಬಿಡಿಸಿಕೊಂಡಿದ್ದರೆ ಬಸ್ಸು ಚಪ್ಪಟೆ.

ಇನ್ನು ಸೇವ್. ಕಂಟ್ರೋಲ್ ಎಸ್ ಒತ್ತಿದರೆ ಜಿಂಪ್ ತನ್ನದೇ ಎಕ್ಸ್‌ಸಿಎಫ್ ನಮೂನೆಯಲ್ಲಿ ಉಳಿಸುತ್ತದೆ. ಅದು ಸ್ಕ್ರ್ಯಾಚ್‌ಗೆ ಬೇಡ. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆ್ಯಸ್‌ಗೆ ಹೋಗಿ, ಹೆಸರಿನ ಕೊನೆಗೆ ಡಾಟ್ ಪಿಎನ್‌ಜಿ ಅಂತ ಟೈಪ್ ಮಾಡಿ. ಫೋಟೊಗಳಿಗೆ ಸಾಮಾನ್ಯವಾಗಿ ಇರುವ ಜೆಪೆಗ್ ನಮೂನೆ ಕೊಟ್ಟರೆ ಮೇಲಿನ ಅಷ್ಟೂ ಕೆಲಸ ನೀರಲ್ಲಿ ಹೋಮ. ಜೆಪೆಗ್‌ನಲ್ಲಿ ಖಾಲಿ ಜಾಗ ಅನ್ನುವುದೇ ಇಲ್ಲ, ಅಲ್ಲೆಲ್ಲ ಬಣ್ಣ ಬಂದು ಕೂರುತ್ತದೆ. "ಲಾಂಚ್ ಸುತ್ತ ಬಿಳಿ ಡಬ್ಬ ಬರ್ತಿದೆ" ಅನ್ನುವ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ.

ಜಿಂಪ್ ಇಲ್ಲದಿದ್ದರೆ? ವಿಂಡೋಸ್ 11ರ ಹೊಸ ಪೇಂಟ್‌ನಲ್ಲಿ ಹಿನ್ನೆಲೆ ತೆಗೆಯುವ ಬಟನ್ ಇದೆ, ಅದೂ ನಡೆಯುತ್ತದೆ. ಅದೂ ಇಲ್ಲದಿದ್ದರೆ ಸ್ಕ್ರ್ಯಾಚ್‌ನ ಕಾಸ್ಟ್ಯೂಮ್ಸ್ ಪುಟದಲ್ಲಿರುವ ಇರೇಸರ್ ಹಿಡಿದು ಉಜ್ಜಬೇಕು. ಆಗುತ್ತದೆ, ತಾಳ್ಮೆ ಬೇಕು.

ಲಾಂಚ್ ಓಡಿಸುವುದು

ಸ್ಕ್ರ್ಯಾಚ್ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು, 2007ರಲ್ಲಿ ಬಂತು. ಉಚಿತ. ಬ್ರೌಸರಿನಲ್ಲೇ ನಡೆಯುತ್ತದೆ, ಆದರೆ ಮಳೆಗಾಲದಲ್ಲಿ ನೆಟ್ ನಂಬುವ ಹಾಗಿಲ್ಲ, ಒಂದು ಸಲ ಡೌನ್‌ಲೋಡ್ ಮಾಡಿ ಹಾಕಿಕೊಳ್ಳುವುದು ವಾಸಿ. ಬ್ಲಾಕ್‌ಗಳ ಇಂಗ್ಲಿಷ್ ಹೆಸರು ಓದಲು ಮಗುವಿಗೆ ತೊಡಕಾದರೆ ಬಣ್ಣ ಹೇಳಿಕೊಡಿ. ನೀಲಿ ಓಡಾಟಕ್ಕೆ, ನೇರಳೆ ನೋಟಕ್ಕೆ ಮತ್ತು ಮಾತಿಗೆ, ಹಳದಿ ಶುರು ಮಾಡಲು, ಕಿತ್ತಳೆ ಎಷ್ಟು ಸಲ ಮತ್ತು ಯಾವಾಗ ಅನ್ನುವುದಕ್ಕೆ, ತಿಳಿ ನೀಲಿ ಪ್ರಶ್ನೆ ಕೇಳಲು, ಹಸಿರು ಹೋಲಿಸಲು.

ಬಲಗಡೆ ಕೆಳಗಿರುವ ಬೆಕ್ಕಿನ ಗುರುತಿನ ಮೇಲೆ ಮೌಸ್ ಇಟ್ಟರೆ ಅಪ್‌ಲೋಡ್ ಬರುತ್ತದೆ, ಲಾಂಚಿನ ಪಿಎನ್‌ಜಿ ಹಾಕಿ. ಮೊದಲೇ ಇರುವ ಬೆಕ್ಕನ್ನು ಅಳಿಸಿ. ಅಳಿಸದಿದ್ದರೆ ಹಿನ್ನೀರಿನ ಮಧ್ಯೆ ಬೆಕ್ಕು ನಿಂತಿರುತ್ತದೆ, ಮಕ್ಕಳಿಗೇನೋ ಖುಷಿ, ಟೀಚರ್ ಕೇಳುತ್ತಾರೆ. ಈಗ ಈ ಸಾಲು ಜೋಡಿಸಿ:

ಹಸಿರು ಬಾವುಟ ಒತ್ತಿದಾಗ
ಸೆಟ್ ರೊಟೇಷನ್ ಸ್ಟೈಲ್: ಡೋಂಟ್ ರೊಟೇಟ್
ಸೆಟ್ ಸೈಜ್ ಟು 40
ಗೋ ಟು ಎಕ್ಸ್ 0, ವೈ -60
ಫಾರೆವರ್
    ಮೂವ್ 2 ಸ್ಟೆಪ್ಸ್
    ಇಫ್ ಆನ್ ಎಡ್ಜ್, ಬೌನ್ಸ್

ವೇದಿಕೆಯ ನಟ್ಟನಡುವೆ ಎಕ್ಸ್ ಮತ್ತು ವೈ ಎರಡೂ 0. ಬಲಕ್ಕೆ ಹೋದರೆ ಎಕ್ಸ್ 240ರವರೆಗೆ, ಮೇಲೆ ಹೋದರೆ ವೈ 180ರವರೆಗೆ. ಎಡಕ್ಕೆ, ಕೆಳಕ್ಕೆ ಹೋದರೆ ಮೈನಸ್. ವೈ -60 ಕೊಟ್ಟಿದ್ದು ಲಾಂಚ್ ನಡುವಿಗಿಂತ ಸ್ವಲ್ಪ ಕೆಳಗೆ, ನೀರಿನ ಮೇಲೆ ಇರಲಿ ಅಂತ.

ಮೂವ್ ಬ್ಲಾಕಿನಲ್ಲಿ ಮೊದಲೇ 10 ಅಂತ ಇರುತ್ತದೆ. ಫಾರೆವರ್ ಒಳಗಿನದು ಸೆಕೆಂಡಿಗೆ ಸುಮಾರು 30 ಸಲ ನಡೆಯುವುದರಿಂದ 10 ಇಟ್ಟರೆ ಲಾಂಚ್ ಸೆಕೆಂಡಿಗೆ 300 ಹೆಜ್ಜೆ ಹೋಗುತ್ತದೆ. ಎರಡು ಸೆಕೆಂಡಿನೊಳಗೆ ಆಚೆ ದಡ! 2 ಇಟ್ಟರೆ ಗಂಭೀರವಾಗಿ ಸಾಗುತ್ತದೆ. ಈ ಲೆಕ್ಕವನ್ನು ಮಗುವಿನ ಹತ್ತಿರವೇ ಮಾಡಿಸಿ, ಗುಣಾಕಾರ ತಾನೇ.

ರೊಟೇಷನ್ ಸ್ಟೈಲ್ ಹಾಕದೆ ಓಡಿಸಿ ನೋಡಿ. ಬಲದ ಅಂಚಿಗೆ ಬಡಿದ ಕೂಡಲೇ ಲಾಂಚ್ ತಲೆಕೆಳಗಾಗುತ್ತದೆ, ಬಸ್ಸು ಬೈಕು ಎಲ್ಲ ನೀರಿಗೆ. ಬಲಕ್ಕೆ ನೋಡುತ್ತಿದ್ದದ್ದು ಎಡಕ್ಕೆ ತಿರುಗಬೇಕು ಅಂದಾಗ ಸ್ಕ್ರ್ಯಾಚ್ ಚಿತ್ರವನ್ನು ಅರ್ಧ ಸುತ್ತು ತಿರುಗಿಸುತ್ತದೆ. ಸಾಮಾನ್ಯವಾಗಿ ಎಲ್ಲರೂ ಹೇಳಿಕೊಡುವ ಮದ್ದು ಲೆಫ್ಟ್ ರೈಟ್ ಸ್ಟೈಲ್. ಹಸು, ನಾಯಿ, ಹಕ್ಕಿಗೆ ಅದು ಸರಿ. ಇಲ್ಲಿ ಅದನ್ನು ಹಾಕಿದಾಗ ಲಾಂಚ್ ನೆಟ್ಟಗೆ ನಿಂತಿತು, ಆದರೆ ವಾಪಸ್ ಬರುವಾಗ "ಸಿಗಂದೂರು" ಅನ್ನುವ ಬರಹ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಆಯಿತು. ಹುಡುಗನೇ ಮೊದಲು ನೋಡಿದ. ಡೋಂಟ್ ರೊಟೇಟ್ ಹಾಕಿದರೆ ಚಿತ್ರ ತಿರುಗುವುದೇ ಇಲ್ಲ, ಹೋದ ಹಾಗೇ ಹಿಂದೆ ಬರುತ್ತದೆ. ಅಕ್ಷರ ಬರೆದ ಯಾವ ಚಿತ್ರಕ್ಕಾದರೂ ಇದೇ ಒಳ್ಳೇದು.

ಹಿನ್ನೆಲೆಗೆ ಹಿನ್ನೀರಿನ ಫೋಟೊ ಹಾಕುವುದಾದರೆ ಅಡ್ಡಲಾಗಿ ತೆಗೆದದ್ದು ಇರಲಿ, 960 ಅಡ್ಡ 720 ಉದ್ದಕ್ಕೆ ಕುಗ್ಗಿಸಿ ಹಾಕಿ. ಫೋನ್ ನೆಟ್ಟಗೆ ಹಿಡಿದು ತೆಗೆದ ಫೋಟೊ ಹಾಕಿದರೆ ಎರಡೂ ಬದಿ ಬಿಳಿ ಪಟ್ಟಿ ಉಳಿಯುತ್ತದೆ. ಇದಕ್ಕೆ ಜೆಪೆಗ್ ನಡೆಯುತ್ತದೆ, ಖಾಲಿ ಜಾಗ ಬೇಡವಲ್ಲ.

ಪ್ರಶ್ನೆ, ಉತ್ತರ, ಸ್ಕೋರ್

ಮಕ್ಕಳು ಪ್ರಶ್ನೆಯ ಬ್ಲಾಕ್‌ಗಳನ್ನು ಫಾರೆವರ್ ಕೆಳಗೆ ಅಂಟಿಸಲು ಹೋಗುತ್ತಾರೆ. ಅದು ಅಂಟುವುದಿಲ್ಲ. ಫಾರೆವರ್ ಅಂದರೆ ಮುಗಿಯುವುದೇ ಇಲ್ಲ, ಮುಗಿಯದ್ದಕ್ಕೆ "ಆಮೇಲೆ" ಎಲ್ಲಿಂದ ಬರಬೇಕು? ಅದರ ಕೆಳಗೆ ಕಚ್ಚಿಕೊಳ್ಳುವ ಹಲ್ಲೇ ಇಟ್ಟಿಲ್ಲ. ಪಕ್ಕದಲ್ಲಿ ಇನ್ನೊಂದು ಹಸಿರು ಬಾವುಟದ ಬ್ಲಾಕ್ ಇಟ್ಟು ಬೇರೆ ಸಾಲು ಶುರು ಮಾಡಿ. ಬಾವುಟ ಒತ್ತಿದರೆ ಎರಡೂ ಸಾಲು ಒಟ್ಟಿಗೆ ಓಡುತ್ತವೆ: ಒಂದು ಲಾಂಚ್ ನಡೆಸುತ್ತದೆ, ಇನ್ನೊಂದು ಪ್ರಶ್ನೆ ಕೇಳುತ್ತದೆ.

ಮೊದಲು ವೇರಿಯಬಲ್ಸ್‌ನಲ್ಲಿ ಮೇಕ್ ಎ ವೇರಿಯಬಲ್ ಒತ್ತಿ, "ಸ್ಕೋರ್" ಅಂತ ಹೆಸರು ಕೊಡಿ. ವೇರಿಯಬಲ್ ಅಂದರೆ ಬದಲಾಗುತ್ತಾ ಹೋಗುವ ಅಂಕಿಯನ್ನು ನೆನಪಿಟ್ಟುಕೊಳ್ಳುವ ಜಾಗ. ಹೆಸರು ಕನ್ನಡದಲ್ಲೇ ಇಡಬಹುದು. ಆಮೇಲೆ:

ಹಸಿರು ಬಾವುಟ ಒತ್ತಿದಾಗ
ಸೆಟ್ ಸ್ಕೋರ್ ಟು 0
ಆಸ್ಕ್ "ಶರಾವತಿ ಎಲ್ಲಿ ಹುಟ್ಟುತ್ತದೆ? 1 ತಲಕಾವೇರಿ, 2 ಅಂಬುತೀರ್ಥ, 3 ಗಂಗಾಮೂಲ" ಆ್ಯಂಡ್ ವೇಟ್
ಇಫ್ ಆನ್ಸರ್ = 2 ದೆನ್
    ಚೇಂಜ್ ಸ್ಕೋರ್ ಬೈ 1
    ಸೇ "ಸರಿ!" ಫಾರ್ 2 ಸೆಕೆಂಡ್ಸ್
ಎಲ್ಸ್
    ಸೇ "ಅಲ್ಲ, ಅಂಬುತೀರ್ಥ" ಫಾರ್ 2 ಸೆಕೆಂಡ್ಸ್

ಉಳಿದ ಎರಡು ಪ್ರಶ್ನೆಗೆ ಆಸ್ಕ್ ಬ್ಲಾಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಡುಪ್ಲಿಕೇಟ್ ಒತ್ತಿದರೆ ಕೆಳಗಿನದ್ದೂ ಸೇರಿ ನಕಲಾಗುತ್ತದೆ. ಜೋಗದ ಎತ್ತರ ಎಷ್ಟು ಮೀಟರ್ (253), ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ ಯಾವುದು (1964), ಹೀಗೆ. ಕೊನೆಗೆ ಜಾಯಿನ್ ಬ್ಲಾಕಿನಲ್ಲಿ "ನಿನ್ನ ಸ್ಕೋರ್ " ಮತ್ತು ಸ್ಕೋರ್ ಸೇರಿಸಿ ಹೇಳಿಸಿ. ಮೊದಲ ಡಬ್ಬದಲ್ಲಿ ಕೊನೆಗೊಂದು ಸ್ಪೇಸ್ ಇರಲಿ, ಇಲ್ಲದಿದ್ದರೆ ಅಕ್ಷರಕ್ಕೆ ಅಂಕಿ ಅಂಟಿಕೊಳ್ಳುತ್ತದೆ.

ಉತ್ತರ ಅಂಕಿಯಲ್ಲೇ ಬರುವ ಹಾಗೆ ಪ್ರಶ್ನೆ ಮಾಡಿ ಅನ್ನುವುದು ನನ್ನ ಸಲಹೆ. "ಅಂಬುತೀರ್ಥ" ಅಂತ ಟೈಪ್ ಮಾಡಿಸಿದರೆ ಒಬ್ಬರು "ಅಂಬು ತೀರ್ಥ" ಅಂತ ಬಿಡಿಸಿ ಬರೆಯುತ್ತಾರೆ, ಇನ್ನೊಬ್ಬರು ಕೊನೆಗೆ ಸುಮ್ನೆ ಒಂದು ಸ್ಪೇಸ್ ಒತ್ತಿರುತ್ತಾರೆ. ಸ್ಕ್ರ್ಯಾಚ್‌ಗೆ ಎರಡೂ ತಪ್ಪೇ. ಅಂಕಿಯಲ್ಲೂ ಒಂದು ಸಂಗತಿ ಇದೆ. ಕೀಬೋರ್ಡ್ ಕನ್ನಡದಲ್ಲಿದ್ದು 2ರ ಬದಲು ೨ ಬಿದ್ದರೆ ಸ್ಕ್ರ್ಯಾಚ್ ಅದನ್ನು ಎರಡು ಅಂತ ಒಪ್ಪುವುದಿಲ್ಲ, ಬರೀ ಒಂದು ಅಕ್ಷರ ಅಂದುಕೊಳ್ಳುತ್ತದೆ. ನಮ್ಮ ಅಂಕಿಗೆ ಅಲ್ಲಿ ಬೆಲೆ ಇಲ್ಲ, ಏನು ಮಾಡುವುದು.

ಪ್ರಶ್ನೆಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಅಂದರೆ ಫಾಂಟ್ ಬದಲಾದರೂ ಕನ್ನಡ ಕನ್ನಡವಾಗೇ ಉಳಿಯುವ ನಮೂನೆಯಲ್ಲಿ. ಮನೆಯಲ್ಲಿ ಅಪ್ಪ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟದ್ದನ್ನು ಕಾಪಿ ಮಾಡಿ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ವಿಂಡೋಸ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಂಡಿದ್ದರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು.

ಎಲ್ಲ ಉತ್ತರವೂ ತಪ್ಪು ಅಂತ ಬಂದರೆ ಇಫ್ ಒಳಗಿನ ಹಸಿರು ಬ್ಲಾಕ್ ನೋಡಿ. ತಿಳಿ ನೀಲಿ ಬಣ್ಣದ ಆನ್ಸರ್ ಬ್ಲಾಕ್ ಎಳೆದು ಹಾಕುವ ಬದಲು ಮಗು "ಆನ್ಸರ್" ಅನ್ನುವ ಪದವನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿರುತ್ತದೆ. ಬಣ್ಣದ ಬ್ಲಾಕ್ ಇದ್ದರೆ ಮಾತ್ರ ಅದು ಉತ್ತರ, ಬಿಳಿ ಡಬ್ಬದಲ್ಲಿ ಬರೆದದ್ದು ಬರೀ ಪದ. ಸ್ಕೋರ್ 1ಕ್ಕಿಂತ ಮೇಲೆ ಏರುತ್ತಲೇ ಇಲ್ಲ ಅಂದರೆ ಚೇಂಜ್ ಬದಲು ಸೆಟ್ ಹಾಕಿರುತ್ತಾರೆ. ಸೆಟ್ ಅಂದರೆ "ಇಷ್ಟು ಮಾಡು", ಚೇಂಜ್ ಅಂದರೆ "ಇದ್ದದ್ದಕ್ಕೆ ಇಷ್ಟು ಸೇರಿಸು". ಮೂರೇ ಪ್ರಶ್ನೆಗೆ ಸ್ಕೋರ್ 5 ಬಂದರೆ? ಶುರುವಿನ ಸೆಟ್ ಸ್ಕೋರ್ ಟು 0 ಬಿಟ್ಟುಹೋಗಿದೆ, ಹಿಂದಿನ ಆಟದ ಅಂಕವೂ ಸೇರಿಕೊಂಡಿದೆ. ಒಂದು ಬದಲಿಸಿ, ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಒಟ್ಟಿಗೆ ನಾಲ್ಕು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಟೀಚರಿಗೆ ಕಳಿಸುವಾಗ

ಫೈಲ್ ಮೆನುವಿನಲ್ಲಿ ಸೇವ್ ಟು ಯುವರ್ ಕಂಪ್ಯೂಟರ್ ಒತ್ತಿದರೆ ಡಾಟ್ ಎಸ್‌ಬಿ3 ಅಂತ ಕೊನೆಯಾಗುವ ಫೈಲ್ ಬರುತ್ತದೆ. ಹೋಮ್‌ವರ್ಕ್ ಅಂದರೆ ಇದೇ. ಇದಕ್ಕೆ ಮೊದಲೇ ಮಗುವಿನ ಹೆಸರು, ಕ್ಲಾಸು ಸೇರಿಸಿ ಹೆಸರಿಡಿ. ಹೆಸರಿಡದಿದ್ದರೆ ಎಲ್ಲರ ಫೈಲಿಗೂ ಸ್ಕ್ರ್ಯಾಚ್ ಪ್ರಾಜೆಕ್ಟ್ ಅಂತಲೇ ಹೆಸರು, ನಲವತ್ತು ಮಕ್ಕಳ ಟೀಚರ್ ಏನು ಮಾಡಬೇಕು ಪಾಪ. ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತಿಲ್ಲ ಅಂತ ಗಾಬರಿ ಬೇಡ. ಬ್ರೌಸರಿನಲ್ಲಿ ಸ್ಕ್ರ್ಯಾಚ್ ತೆರೆದು, ಫೈಲ್ ಮೆನುವಿನ ಲೋಡ್ ಫ್ರಮ್ ಯುವರ್ ಕಂಪ್ಯೂಟರ್ ಮೂಲಕ ತೆರೆಯಬೇಕು. ಕಳಿಸುವ ಮೊದಲು ನೀವೇ ಒಂದು ಸಲ ಹೀಗೆ ತೆರೆದು ನೋಡಿ. ವಾಟ್ಸಾಪ್‌ನಲ್ಲಾದರೆ ಇದೂ ಡಾಕ್ಯುಮೆಂಟ್ ಅಂತಲೇ ಹೋಗಬೇಕು. ಪರದೆಯ ಫೋಟೊ ತೆಗೆದು ಕಳಿಸಿದರೆ ಲಾಂಚ್ ಓಡುವುದಿಲ್ಲ.

ವೆಬ್‌ಸೈಟಿನಲ್ಲಿ ಅಕೌಂಟ್ ಮಾಡಿಕೊಂಡಿದ್ದರೆ ಶೇರ್ ಅನ್ನುವ ಬಟನ್ ಕಾಣುತ್ತದೆ. ಅದನ್ನು ಒತ್ತಿದರೆ ಪ್ರಾಜೆಕ್ಟ್ ಇಡೀ ಪ್ರಪಂಚಕ್ಕೆ ಕಾಣುತ್ತದೆ. ಅದರೊಳಗೆ ಮಗುವಿನ ಫೋಟೊ, ಪೂರ್ತಿ ಹೆಸರು, ಸ್ಕೂಲಿನ ಹೆಸರು ಇದ್ದರೆ ಒತ್ತಲೇಬೇಡಿ.

ರೆಕಾರ್ಡ್ ಪುಸ್ತಕಕ್ಕೆ ಬ್ಲಾಕ್‌ಗಳ ಚಿತ್ರ ಅಂಟಿಸಿ ಅಂತಲೂ ಕೆಲವು ಟೀಚರುಗಳು ಕೇಳುತ್ತಾರೆ. ವಿಂಡೋಸ್, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ, ಬ್ಲಾಕ್ ಇರುವಷ್ಟು ಜಾಗ ಎಳೆದು, ವರ್ಡ್‌ನಲ್ಲಿ ಪೇಸ್ಟ್ ಮಾಡಿ. ಇದನ್ನು ಕಲರ್ ಪ್ರಿಂಟ್ ತೆಗೆಸಿ. ಕಪ್ಪು ಬಿಳುಪಿನಲ್ಲಿ ನೀಲಿ, ನೇರಳೆ, ಕಿತ್ತಳೆ ಎಲ್ಲ ಒಂದೇ ಬೂದು ಆಗಿ ಯಾವ ಬ್ಲಾಕ್ ಯಾವುದು ಅಂತ ತಿಳಿಯುವುದಿಲ್ಲ. ಎರಡೂ ಸಾಲು ಒಂದೇ ಪುಟದಲ್ಲಿ ಹಿಡಿಸುತ್ತವೆ, ಒಂದು ಪ್ರಿಂಟ್ ಸಾಕು. ಹಿಂದಿನ ದಿನ ಸಂಜೆಯೇ ತೆಗೆಸಿಕೊಳ್ಳಿ. ಬೆಳಿಗ್ಗೆ ಎಂಟೂವರೆಗೆ ಓಡಿಬಂದರೆ ಅಂಗಡಿ ಬಾಗಿಲು ತೆಗೆದಿರುತ್ತದೆ, ಕರೆಂಟಿನ ಮಾತು ಮಾತ್ರ ನಾನು ಕೊಡಲಾರೆ.